ಸೇವಾ ವಹಿಯ ಮೊದಲ ಪುಟ

ಜೀವನ್ ಬಿಮಾ ನಗರದಲ್ಲಿ ನಿವೃತ್ತರಿಗೆ ಬರವಿಲ್ಲ. ಎಲ್‌ಐಸಿ ನೌಕರರ ವಸತಿಯಿಂದಲೇ ಹೆಸರು ಪಡೆದ ಬಡಾವಣೆ ಇದು. ಒಂದು ಮಗ್ಗುಲಿಗೆ ಎಚ್‌ಎಎಲ್, ಇನ್ನೊಂದು ಮಗ್ಗುಲಿಗೆ ಸಿ.ವಿ. ರಾಮನ್ ನಗರದ ರಕ್ಷಣಾ ಪ್ರಯೋಗಾಲಯಗಳು. ಬೆಳಗಿನ ವಾಕಿಂಗ್ ಮುಗಿಸಿ ದರ್ಶಿನಿ ಎದುರು ಬೈಟು ಕಾಫಿ ಹಿಡಿದು ನಿಂತವರ ಮಾತಿಗೆ ಕಿವಿಗೊಟ್ಟರೆ ಡಿಎ ಎಷ್ಟು ಏರಿತು, ಗ್ರ್ಯಾಚುಟಿ ಬಾಕಿ ಬಂತಾ, ಮೆಡಿಕಲ್ ಬಿಲ್ಲಿಗೆ ಯಾರು ಸಹಿ ಹಾಕಬೇಕು ಎಂಬುದೇ ಕೇಳಿಸುತ್ತದೆ. ಇವರಿಗೆ ಸೇವಾ ವಹಿ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಸೇರಿದ ದಿನದಿಂದ ಬಿಡುಗಡೆಯಾದ ದಿನದವರೆಗೆ ಇವರ ರಜೆ, ಬಡ್ತಿ, ವರ್ಗಾವಣೆ, ಕೊನೆಗೆ ಒಂದು ಮೆಮೊ ಬಂದಿದ್ದರೆ ಅದನ್ನೂ ಸಂಸ್ಥೆ ಬರೆದಿಟ್ಟುಕೊಂಡಿತ್ತು.

ಅದೇ ದರ್ಶಿನಿಯ ಮುಂದಿನ ರಸ್ತೆಯನ್ನು ಬೆಳಕು ಹರಿಯುವ ಹೊತ್ತಿಗೆ ಗುಡಿಸಿ ಮುಗಿಸುವ ಹೆಣ್ಣುಮಗಳ ಹೆಸರಿನಲ್ಲಿ ಅಂಥದ್ದೊಂದು ಪುಸ್ತಕ ತೆರೆಯುವ ಕೆಲಸ ಈಗ ತಾನೇ ಶುರುವಾಗಿದೆ. 2025ರ ಮೇ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಿಬಿಎಂಪಿಯ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ಟರು. ಏಳನೇ ವೇತನ ಆಯೋಗದ ನಂತರ ರಾಜ್ಯದಲ್ಲಿ ಕನಿಷ್ಠ ಮೂಲ ವೇತನ 27,000 ರೂಪಾಯಿ. ಭತ್ಯೆಗಳೆಲ್ಲ ಸೇರಿ ಪೌರಕಾರ್ಮಿಕರ ಕೈಗೆ ತಿಂಗಳಿಗೆ 39 ಸಾವಿರದ ಆಸುಪಾಸು ಬರುತ್ತದೆ ಎಂದು ಅಂದು ಹೇಳಲಾಯಿತು. ಅದಕ್ಕೆ ಮುಂಚೆ ಸಿಗುತ್ತಿದ್ದುದು ಅದರ ಅರ್ಧದಷ್ಟೂ ಇಲ್ಲ. ಪತ್ರಿಕೆಗಳಲ್ಲಿ ಹಾರ ಹಾಕಿಸಿಕೊಂಡವರ ಫೋಟೊ ಬಂತು, ಸುದ್ದಿ ಅಲ್ಲಿಗೆ ಮುಗಿಯಿತು. ಆದರೆ ಸಿಬ್ಬಂದಿ ನಿರ್ವಹಣೆ ಎಂಬ ಕೆಲಸ, ಕಂಪನಿಗಳು ಎಚ್‌ಆರ್ ಎಂದು ಕರೆಯುವ ಕೆಲಸ, ಪಾಲಿಕೆಗೆ ಶುರುವಾದದ್ದೇ ಆ ಮರುದಿನ. ಆ ಕೆಲಸ ಸರಿಯಾಗಿ ಆಗುತ್ತಿದೆಯೇ ಎಂದು ಕೇಳುವವರು ಕಡಿಮೆ.

ಇಲ್ಲಿಗೆ ಬಂದ ದಾರಿಯನ್ನು ಸ್ವಲ್ಪ ನೋಡೋಣ. ತಲೆಯ ಮೇಲೆ ಮಲ ಹೊರುವುದನ್ನು ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ 1970ರ ದಶಕದ ಆರಂಭದಲ್ಲಿ ನಿಲ್ಲಿಸಿದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕು, ದುಡಿಮೆ ಎರಡನ್ನೂ ಅಧ್ಯಯನ ಮಾಡಿ ವರದಿ ಕೊಟ್ಟಿತು. ಐನೂರು ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕೆಂಬ ಲೆಕ್ಕ ಬಂದದ್ದು ಅಲ್ಲಿಂದ. ಮುಂದೆ ಸರ್ಕಾರ ಅದನ್ನು ಏಳುನೂರಕ್ಕೆ ಒಬ್ಬ ಎಂದು ಹಿಗ್ಗಿಸಿತು. ಊರು ಬೆಳೆದಂತೆ ಹುದ್ದೆ ಹೆಚ್ಚಿಸುವ ಬದಲು ಪಾಲಿಕೆ ಗುತ್ತಿಗೆಯ ದಾರಿ ಹಿಡಿಯಿತು. ತಲೆ ಎಣಿಸಿ ಗುತ್ತಿಗೆದಾರನಿಗೆ ಬಿಲ್ಲು, ಗುತ್ತಿಗೆದಾರನಿಂದ ಕಾರ್ಮಿಕರಿಗೆ ಸಂಬಳ. ತಲೆ ಎಣಿಸಿ ಬಿಲ್ಲು ಕೊಡುವ ಪದ್ಧತಿಯಲ್ಲಿ ತಲೆಗಳು ಕಾಗದದ ಮೇಲೆ ಹುಟ್ಟುವುದು ಸಹಜ. ಬೆರಳಚ್ಚಿನ ಹಾಜರಾತಿ ಬಂದಾಗ ಪಟ್ಟಿ ಸೊರಗಿದ್ದು ನಗರದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಪಿಎಫ್ ಕಡಿತವಾಗಿದೆ, ಖಾತೆಗೆ ಬಿದ್ದಿಲ್ಲ ಎಂಬ ದೂರು ಅದಕ್ಕಿಂತ ಹಳೆಯದು.

1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಪ್ರಧಾನ ಮಾಲೀಕ, ಅಂದರೆ ಇಲ್ಲಿ ಪಾಲಿಕೆ, ತಾನೇ ಕೊಟ್ಟು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕಿತ್ತು. ಸಂಬಳ ತಡವಾದಾಗಲೆಲ್ಲ ಹೆಲ್ತ್ ಇನ್‌ಸ್ಪೆಕ್ಟರ್ ಗುತ್ತಿಗೆದಾರನ ಕಡೆ ಬೆರಳು ತೋರಿಸಿದರೆ, ಗುತ್ತಿಗೆದಾರ ಪಾಲಿಕೆಯಲ್ಲಿ ನಿಂತ ತನ್ನ ಬಿಲ್ಲಿನ ಕಡೆ ತೋರಿಸುತ್ತಿದ್ದ. 2016ರಲ್ಲಿ ಕನಿಷ್ಠ ಕೂಲಿ ಏರಿತು. 2018ರ ಜನವರಿಯಿಂದ ಬಿಬಿಎಂಪಿ ಗುಡಿಸುವವರಿಗೆ ನೇರವಾಗಿ ಸಂಬಳ ಕೊಡಲು ಶುರು ಮಾಡಿತು. ಮಧ್ಯವರ್ತಿ ಹೋದ, ಆದರೆ ಅವನು ಮಾಡುತ್ತಿದ್ದ ಲೆಕ್ಕವನ್ನು ಮಾಡುವವರು ಕಚೇರಿಯಲ್ಲಿ ಇರಲಿಲ್ಲ. ಯಾರ ಹೆಸರು ಪಟ್ಟಿಯಲ್ಲಿದೆ, ಯಾರ ಬೆರಳಚ್ಚು ಯಂತ್ರದಲ್ಲಿದೆ, ಯಾರ ಬ್ಯಾಂಕ್ ಖಾತೆ ಯಾವುದು ಎಂಬ ಮೂರು ಪಟ್ಟಿಗಳು ಒಂದಕ್ಕೊಂದು ತಾಳೆಯಾಗದೆ ಹಲವರಿಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ಆ ವರ್ಷದ ಜುಲೈನಲ್ಲಿ ಒಬ್ಬ ಪೌರಕಾರ್ಮಿಕ ಆತ್ಮಹತ್ಯೆ ಮಾಡಿಕೊಂಡ. ಆರು ತಿಂಗಳ ಸಂಬಳ ಬಂದಿರಲಿಲ್ಲ ಎಂದು ಮನೆಯವರು ಹೇಳಿದರು. ಒಳ್ಳೆಯ ತೀರ್ಮಾನವೊಂದು ಗುಮಾಸ್ತಿಕೆಯ ಮಟ್ಟದಲ್ಲಿ ಎಡವಿದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಹಾಗಾದರೆ ಕಾಯಂ ಮಾಡಲು ಇಷ್ಟು ವರ್ಷ ಏಕೆ ಬೇಕಾಯಿತು? ಹಣ, ಮನಸ್ಸು ಎರಡರ ಜೊತೆಗೆ ಕಾನೂನಿನ ತೊಡಕೂ ಇತ್ತು. ಅದು ಹುಟ್ಟಿದ್ದೂ ಕರ್ನಾಟಕದಲ್ಲೇ. ನಮ್ಮ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅದೇ ಉಮಾದೇವಿ ತೀರ್ಪು. ಎಲ್ಲರಿಗೂ ಅವಕಾಶ ಕೊಟ್ಟು ನಡೆಸಿದ ನೇಮಕಾತಿಯ ಮೂಲಕ ಬರದವರಿಗೆ ಕಾಯಮಾತಿಯ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಮಾತ್ರ ಒಂದು ಸಲದ ವಿನಾಯಿತಿ. ಅಂದಿನಿಂದ ದೇಶದ ಎಲ್ಲ ಸರ್ಕಾರಿ ಕಚೇರಿಗಳೂ ಇದನ್ನೇ ಗುರಾಣಿ ಮಾಡಿಕೊಂಡವು. ಕಾಯಂ ಸ್ವರೂಪದ ಕೆಲಸ ಮಾಡಿಸಿಕೊಂಡು ಆ ತೀರ್ಪಿನ ಹೆಸರಿನಲ್ಲಿ ಕೈ ತೊಳೆದುಕೊಳ್ಳುವುದು ಸರಿಯಲ್ಲ ಎಂದು 2024ರ ಡಿಸೆಂಬರಿನಲ್ಲಿ, ಜಗ್ಗೋ ಪ್ರಕರಣದಲ್ಲಿ, ಅದೇ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ರಾಜ್ಯ ಅಷ್ಟರಲ್ಲಿ ಬೇರೆ ದಾರಿ ಹುಡುಕಿತ್ತು. 2022ರ ಜುಲೈ ಮೊದಲ ವಾರ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಕಸ ನಾಲ್ಕು ದಿನ ಬೀದಿಯಲ್ಲೇ ಉಳಿದದ್ದಕ್ಕೆ ಕಚೇರಿಯಲ್ಲಿ ವರ್ಷಗಟ್ಟಲೆ ಮಲಗಿದ್ದ ಕಡತ ಎದ್ದು ಕೂತಿತು. ಆ ಸೆಪ್ಟೆಂಬರಿನಲ್ಲಿ ಬೊಮ್ಮಾಯಿ ಸಂಪುಟ ರಾಜ್ಯದಾದ್ಯಂತ 11,133 ಹುದ್ದೆಗಳಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಬಿಬಿಎಂಪಿಯ ಪಾಲು 3,673. 2024ರಲ್ಲಿ ಬೆಂಗಳೂರಿಗೇ ಇನ್ನೂ 11,307 ಹುದ್ದೆಗಳ ಅಧಿಸೂಚನೆ ಬಂತು. ಗಮನಿಸಬೇಕಾದದ್ದು ವಿಧಾನವನ್ನು: ಬಾಯಿಮಾತಿನಲ್ಲಿ ನಾವು ಕಾಯಮಾತಿ ಎನ್ನುತ್ತೇವೆ, ಕಡತದಲ್ಲಿ ಅದು ವಿಶೇಷ ನಿಯಮಗಳಡಿ ನಡೆದ ಹೊಸ ನೇಮಕಾತಿ. ಅರ್ಜಿ, ಅರ್ಹತೆ, ವಯೋಮಿತಿ, ಪಟ್ಟಿ, ಆಕ್ಷೇಪಣೆ ಎಲ್ಲ ಕ್ರಮವೂ ಉಂಟು. ಓದು ಬೇಕಿಲ್ಲ, ಕನ್ನಡ ಮಾತು ಬರಬೇಕು, ಕನಿಷ್ಠ ಎರಡು ವರ್ಷ ಗುಡಿಸಿರಬೇಕು, ವಯಸ್ಸು 55 ಮೀರಿರಬಾರದು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು ಆಡುವ ನಮ್ಮ ಪೂರ್ವ ಭಾಗದ ಪೌರಕಾರ್ಮಿಕರಿಗೆ ಭಾಷೆಯ ಷರತ್ತು ಕಷ್ಟವಾಗಲಾರದು. ಕಷ್ಟ ಕೊಟ್ಟದ್ದು ವಯಸ್ಸು.

ಹೊಸ ನೇಮಕಾತಿ ಎಂದಮೇಲೆ ಸೇವೆ ಎಣಿಕೆಯಾಗುವುದು ನೇಮಕವಾದ ದಿನದಿಂದ. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ಗುಡಿಸಿದ್ದರೂ ಲೆಕ್ಕ ಸೊನ್ನೆಯಿಂದ. 54ರಲ್ಲಿ ಪತ್ರ ಪಡೆದವರಿಗೆ ನಿವೃತ್ತಿಯ 60ಕ್ಕೆ ಉಳಿದಿರುವುದು ಆರೇ ವರ್ಷ. ರಾಜ್ಯದಲ್ಲಿ 2006ರ ಏಪ್ರಿಲ್ ನಂತರ ಸೇರಿದವರಿಗಿರುವ ಎನ್‌ಪಿಎಸ್ ಲೆಕ್ಕವನ್ನೇ ಹಾಕಿದರೆ ನೌಕರರಿಂದ ಶೇ 10, ಸರ್ಕಾರದಿಂದ ಶೇ 14. ಮೂಲ ವೇತನ, ತುಟ್ಟಿಭತ್ಯೆ ಸೇರಿ 30,000 ಎಂದಿಟ್ಟುಕೊಳ್ಳಿ, ತಿಂಗಳಿಗೆ ಜಮೆಯಾಗುವುದು 7,200. ಆರು ವರ್ಷಕ್ಕೆ ಐದು ಲಕ್ಷ ಚಿಲ್ಲರೆ, ಮೇಲೆ ಒಂದಿಷ್ಟು ಗಳಿಕೆ. ಇಡೀ ಆಯುಷ್ಯದ ದುಡಿಮೆಗೆ ಸಿಗುವ ಪಿಂಚಣಿಯ ಮೂಲಧನ ಅಷ್ಟು.

ಈ ಆರು ವರ್ಷ ಕೆಲವರಿಗೆ ನಾಲ್ಕಾಗುವುದೂ ಎಂಟಾಗುವುದೂ ಸೇವಾ ವಹಿಯ ಮೊದಲ ಪುಟದ ಮೇಲೆ ನಿಂತಿದೆ. ಆ ಪುಟವನ್ನು ನೋಡದವರಿಗಾಗಿ ಹೇಳುತ್ತೇನೆ. ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ, ಎತ್ತರ, ಮೈಮೇಲಿನ ಗುರುತು, ಎಡಗೈ ಬೆರಳುಗಳ ಅಚ್ಚು, ಸಹಿ. ಎಲ್ಲವೂ ಸರಳವಾಗಿ ಕಾಣುತ್ತದೆ. ಆದರೆ ಪೌರಕಾರ್ಮಿಕ ಮಹಿಳೆಯೊಬ್ಬರ ಹೆಸರು ಆಧಾರಿನಲ್ಲಿ ಒಂದು ಕಾಗುಣಿತ, ಪಿಎಫ್ ಚೀಟಿಯಲ್ಲಿ ಇನ್ನೊಂದು, ಹಳೆಯ ಗುತ್ತಿಗೆದಾರನ ಪಟ್ಟಿಯಲ್ಲಿ ಮನೆಯವರು ಕರೆಯುವ ಹೆಸರು. ಹುಟ್ಟಿದ ದಿನ ಕೇಳಿದರೆ ಆಧಾರಿನಲ್ಲಿ ಜನವರಿ 1. ಶಾಲೆಯ ಮೆಟ್ಟಿಲು ಹತ್ತದವರಿಗೆ ನೋಂದಣಿಯಾಗುವಾಗ ಯಾರೋ ಅಂದಾಜಿಗೆ ಹಾಕಿದ ತಾರೀಖು ಅದು. ಆಧಾರ್ ವಯಸ್ಸಿಗೆ ಪುರಾವೆಯಲ್ಲ ಎಂದು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಬೇರೇನೂ ಇಲ್ಲದವರ ಕೈಯಲ್ಲಿ ಇರುವುದು ಅದೊಂದೇ ಕಾರ್ಡು.

ಕರ್ನಾಟಕದಲ್ಲಿ ಸರ್ಕಾರಿ ನೌಕರರ ವಯಸ್ಸು ನಿರ್ಧರಿಸಲೆಂದೇ 1974ರ ಕಾಯ್ದೆಯೊಂದಿದೆ. ಅದರಂತೆ ಸೇವಾ ವಹಿಯಲ್ಲಿ ಒಮ್ಮೆ ಬರೆದ ಹುಟ್ಟಿದ ದಿನಾಂಕವನ್ನು ತಿದ್ದಿಸಬೇಕಾದರೆ ಸೇವೆಗೆ ಸೇರಿದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ಆಮೇಲೆ ಬಾಗಿಲು ಮುಚ್ಚಿತು. ನಿವೃತ್ತಿಗೆ ಎರಡು ತಿಂಗಳಿರುವಾಗ ವಯಸ್ಸು ತಪ್ಪಾಗಿದೆ ಎಂದು ಹೈಕೋರ್ಟಿಗೆ ಓಡುವ ನೌಕರರಿಗೆ ಕಡಿವಾಣ ಹಾಕಲು ತಂದ ನಿಯಮ ಇದು, ಒಳ್ಳೆಯದೇ. ಆದರೆ ಓದು ಬಾರದ, ಇದೀಗ ಸೇವೆಗೆ ಸೇರಿದ ಸಾವಿರಾರು ಜನರಿಗೆ ಆ ಮೂರು ವರ್ಷದ ಗಡುವನ್ನು ಯಾರು ಹೇಳುತ್ತಾರೆ? ಎಚ್‌ಆರ್ ಕಾರ್ಯಕ್ರಮ ಎಂದರೆ ನನ್ನ ಮಟ್ಟಿಗೆ ಮೊದಲು ಇದು. ಪ್ರತಿಯೊಬ್ಬರ ಮುಂದೆ ಅವರದೇ ಪುಟವನ್ನು ಕನ್ನಡದಲ್ಲಿ ಓದಿ ಹೇಳಿ, ಸರಿಯಿದೆಯಾ ಎಂದು ಕೇಳಿ, ಒಂದು ನಕಲನ್ನು ಕೈಗೆ ಕೊಡುವುದು. ಎಲ್‌ಐಸಿ, ಎಚ್‌ಎಎಲ್‌ನಲ್ಲಿ ಸಿಬ್ಬಂದಿ ವಿಭಾಗದಲ್ಲಿ ಕೂದಲು ನೆರೆಸಿಕೊಂಡವರು ನಮ್ಮ ಬಡಾವಣೆಯಲ್ಲಿ ಬೇಕಾದಷ್ಟಿದ್ದಾರೆ. ಪಾಲಿಕೆ ಕರೆದರೆ ಒಂದು ಗಂಟೆ ಬಂದು ಕೂರಲು ಅವರು ಒಲ್ಲೆ ಎನ್ನಲಾರರು. ನಾಮನಿರ್ದೇಶನದ ಕಾಲಂ ಖಾಲಿ ಬಿಟ್ಟರೆ ಏನಾಗುತ್ತದೆಂದು ಎಲ್‌ಐಸಿಯವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಬೆರಳಚ್ಚಿನ ವಿಷಯವೂ ಅಷ್ಟೇ. ಬೆಳಿಗ್ಗೆ ಮಸ್ಟರಿಂಗ್ ಪಾಯಿಂಟಿನಲ್ಲಿ ಹಾಜರಾತಿ ಹಾಕುವಾಗ ನೋಡಬೇಕು. ಸೀರೆಯ ಮೇಲೆ ಕೋಟು ತೊಟ್ಟು ಸಾಲಿನಲ್ಲಿ ನಿಂತವರು ಯಂತ್ರದ ಮೇಲೆ ತೋರುಬೆರಳು ಇಡುತ್ತಾರೆ. ಹಿಡಿಯದಿದ್ದರೆ ಹೆಬ್ಬೆರಳು, ಅದೂ ಇಲ್ಲದಿದ್ದರೆ ಸೆರಗಿಗೆ ಒರೆಸಿ ಮತ್ತೊಮ್ಮೆ. ಉದ್ದ ಹಿಡಿಯ ಪೊರಕೆ ವರ್ಷಾನುಗಟ್ಟಲೆ ಹಿಡಿದ ಕೈಯಲ್ಲಿ ಗೆರೆಗಳು ಸವೆದಿರುತ್ತವೆ. ಕೆಲಸವೇ ಅಳಿಸಿದ ಗುರುತಿನಿಂದ ಕೆಲಸಕ್ಕೆ ಬಂದದ್ದನ್ನು ಸಾಬೀತು ಮಾಡಿ ಎಂದರೆ ಹೇಗೆ? ಆ ಕ್ಷಣದಲ್ಲಿ ಮೇಸ್ತ್ರಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೋ ಇಲ್ಲವೋ ಎಂಬುದರ ಮೇಲೆ ಆ ದಿನದ ಸಂಬಳ. ಕಾಯಂ ಆದವರ ಮೇಲೂ ಮೇಸ್ತ್ರಿಗೆ ಇಷ್ಟು ಹಿಡಿತ ಉಳಿಯುವುದು ಇಂಥ ಸಂದಿಯಲ್ಲಿ. ಬಹುಪಾಲು ದಲಿತ ಹೆಣ್ಣುಮಕ್ಕಳೇ ಇರುವ ಕೆಲಸದಲ್ಲಿ ಈ ಹಿಡಿತ ಬರೀ ಹಾಜರಾತಿಗೆ ನಿಲ್ಲುವುದಿಲ್ಲ ಎಂಬುದು ಆಡದಿದ್ದರೂ ಎಲ್ಲರಿಗೂ ತಿಳಿದದ್ದೇ. ಕಿರುಕುಳದ ದೂರು ಕೇಳಲು 2013ರ ಕಾನೂನಿನ ಸಮಿತಿ ಇರಲೇಬೇಕು. ಆ ಸಮಿತಿಯವರ ಹೆಸರು, ಫೋನ್ ನಂಬರ್ ಬರೆದ ಬೋರ್ಡು ಮಸ್ಟರಿಂಗ್ ಪಾಯಿಂಟಿನಲ್ಲೇ ಇದ್ದರೆ ಅದೂ ಒಂದು ಕಾರ್ಯಕ್ರಮವೇ.

ನಮ್ಮ ಆಡಳಿತಗಳಿಗೆ ಕಾರ್ಯಕ್ರಮ ಎಂದರೆ ವೇದಿಕೆ ಇರಬೇಕು. ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ, ಸನ್ಮಾನ, ಊಟ. 2017ರಲ್ಲಿ ಪೌರಕಾರ್ಮಿಕರ ತಂಡಗಳನ್ನು ಸಿಂಗಪುರಕ್ಕೂ ಅಧ್ಯಯನ ಪ್ರವಾಸಕ್ಕೆ ಕಳಿಸಿದ್ದರು. ಅಧಿಕಾರಿಗಳಷ್ಟೇ ಹೋಗಿ ಬರುತ್ತಿದ್ದ ವಿಮಾನವನ್ನು ಇವರೂ ಹತ್ತಿದ್ದರಲ್ಲಿ ನನಗೆ ಯಾವ ತಕರಾರೂ ಇಲ್ಲ, ಸಂತೋಷವೇ. ಗೃಹಭಾಗ್ಯ ಯೋಜನೆಯಲ್ಲಿ ಕಾಯಂ ಪೌರಕಾರ್ಮಿಕರ ಮನೆಗೆ 7.5 ಲಕ್ಷ ರೂಪಾಯಿ ನೆರವಿನ ವ್ಯವಸ್ಥೆ ಇದೆ. ಬಟ್ಟೆ ಬದಲಿಸಲು, ಕೂತು ಊಟ ಮಾಡಲು ಸುವಿಧಾ ಕ್ಯಾಬಿನ್‌ಗಳು ಬಂದಿವೆ. ಎಲ್ಲವೂ ಬೇಕು. ಆದರೆ ರಜೆಯ ಲೆಕ್ಕ ಇಟ್ಟರೆ ಅದಕ್ಕೆ ಯಾರೂ ಶಾಲು ಹೊದಿಸುವುದಿಲ್ಲ, ಹಾಗಾಗಿ ಅದು ಹಿಂದೆ ಬೀಳುತ್ತದೆ.

ರಜೆ ಎಂದೆ. ಕಾಯಂ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, 180 ದಿನ ಹೆರಿಗೆ ರಜೆ, ಮೇಲೆ ಸಾಂದರ್ಭಿಕ ರಜೆ. ಮುಟ್ಟಿನ ದಿನಗಳಿಗೆಂದು ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆಗೆ 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಕೇಳಲು ಚೆಂದ. ಆದರೆ ಏಳುನೂರಕ್ಕೆ ಒಬ್ಬ ಎಂಬ ಲೆಕ್ಕ ಮಾಡಿದವರು ಆ ಒಬ್ಬರು ವರ್ಷವಿಡೀ ರಜೆಯೇ ಹಾಕುವುದಿಲ್ಲ ಎಂದುಕೊಂಡಂತಿದೆ. ಗುತ್ತಿಗೆ ಕಾಲದಲ್ಲಿ ಆ ಊಹೆ ನಡೆಯುತ್ತಿತ್ತು, ರಜೆ ಹಾಕಿದರೆ ಕೂಲಿ ಕಟ್ ಆಗುತ್ತಿದ್ದುದರಿಂದ ಜ್ವರ ಬಂದರೂ ಬರುತ್ತಿದ್ದರು. ಈಗ ಹಕ್ಕಿನ ರಜೆ ತೆಗೆದುಕೊಂಡ ದಿನ ಅವರ ರಸ್ತೆಯನ್ನು ಗುಡಿಸಬೇಕಾದವರು ಪಕ್ಕದ ರಸ್ತೆಯವರು. ರಜೆಗೆಂದೇ ಮೀಸಲು ಸಿಬ್ಬಂದಿ ಇಡದಿದ್ದರೆ ಒಬ್ಬಳ ರಜೆ ಇನ್ನೊಬ್ಬಳ ಸೊಂಟನೋವು. ಆಮೇಲೆ ರಜೆ ಕೇಳಿದವರ ಮೇಲೆ ಜೊತೆಗಾರ್ತಿಯರೇ ಮುನಿಸಿಕೊಳ್ಳುತ್ತಾರೆ, ಮೇಸ್ತ್ರಿಗೆ ಬೇಡ ಎನ್ನಲು ನೆಪ ಸಿಗುತ್ತದೆ. ಕಸ ಹಾಗೇ ಬಿದ್ದಿದೆ ಎಂದು ಫೋಟೊ ತೆಗೆದು ಗ್ರೂಪಿಗೆ ಹಾಕುವ ನಾವು, ಕಾಯಂ ಆದಮೇಲೆ ಇವರಿಗೆ ಸೋಮಾರಿತನ ಬಂತು ಎನ್ನುತ್ತೇವೆ.

ಇಷ್ಟರ ಮಧ್ಯೆ ಪಾಲಿಕೆಯೇ ಐದು ಹೋಳಾಯಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರ ಸೆಪ್ಟೆಂಬರಿನಿಂದ ನಗರಕ್ಕೆ ಐದು ಪಾಲಿಕೆಗಳು. ಸಿ.ವಿ. ರಾಮನ್ ನಗರ ಕ್ಷೇತ್ರಕ್ಕೆ ಸೇರಿದ ನಾವು ಬೆಂಗಳೂರು ಕೇಂದ್ರಕ್ಕೆ, ಆಚೆ ಕೆ.ಆರ್. ಪುರ, ಮಹದೇವಪುರ ಬೆಂಗಳೂರು ಪೂರ್ವಕ್ಕೆ. ಗಡಿ ಎಳೆಯುವುದು ನಮ್ಮ ಊರಿಗೆ ಹೊಸದಲ್ಲ. 1949ರಲ್ಲಿ ಪೇಟೆಯ ಮುನಿಸಿಪಾಲಿಟಿ, ದಂಡಿನ ಮುನಿಸಿಪಾಲಿಟಿ ಕೂಡಿಸಿ ಕಾರ್ಪೊರೇಷನ್ ಮಾಡಿದರು. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. ನಕ್ಷೆ ಒಂದು ದಿನದಲ್ಲಿ ಬದಲಾಗುತ್ತದೆ, ಜ್ಯೇಷ್ಠತಾ ಪಟ್ಟಿ ಬದಲಾಗಲು ವರ್ಷಗಳು ಬೇಕು. ಒಂದು ಪಟ್ಟಿಯನ್ನು ಐದು ಮಾಡಿದಾಗ ಒಂದೇ ದಿನ ಸೇರಿದ ಇಬ್ಬರಲ್ಲಿ ಖಾಲಿ ಹುದ್ದೆ ಹೆಚ್ಚಿರುವ ಪಾಲಿಕೆಗೆ ಬಿದ್ದವರಿಗೆ ಬಡ್ತಿ ಬೇಗ. ಕೆ.ಆರ್. ಪುರದ ಕಡೆ ಮನೆ, ಜೀವನ್ ಬಿಮಾ ನಗರದಲ್ಲಿ ರಸ್ತೆ ಇರುವವರು ಮನೆ ಹತ್ತಿರಕ್ಕೆ ವರ್ಗ ಕೇಳಿದರೆ ಅದೀಗ ಒಂದು ಪಾಲಿಕೆಯಿಂದ ಇನ್ನೊಂದಕ್ಕೆ ಹೋಗುವ ಮಾತು, ಹೋದಲ್ಲಿ ಅವರ ಜ್ಯೇಷ್ಠತೆ ಏನು ಎಂಬುದು ಬೇರೆ ಪ್ರಶ್ನೆ. ಬೆಳಿಗ್ಗೆ ಆರೂವರೆಗೆ ಹಾಜರಿ ಹಾಕಬೇಕಾದವರಿಗೆ ಮನೆಯ ದೂರ ಸಣ್ಣ ವಿಷಯವಲ್ಲ.

ಇದನ್ನೆಲ್ಲ ತೀರ್ಮಾನಿಸುವವರು ಯಾರು ಎಂದು ನೋಡಿದರೆ ಇನ್ನೊಂದು ವಿಚಿತ್ರ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ 18 ವಿಷಯಗಳ ಪಟ್ಟಿ ಕೊಟ್ಟಿತು. ಆ ಕೆಲಸ ಮಾಡುವ ಜನರನ್ನು ತಾವೇ ನೇಮಿಸಿಕೊಳ್ಳುವ ಅಧಿಕಾರದ ಬಗ್ಗೆ ಆ ಪಟ್ಟಿ ಚಕಾರ ಎತ್ತುವುದಿಲ್ಲ. ವೃಂದ ಮತ್ತು ನೇಮಕಾತಿ ನಿಯಮ ಬರೆಯುವುದು ರಾಜ್ಯ ಸರ್ಕಾರ, ಹುದ್ದೆ ಮಂಜೂರು ಮಾಡುವುದು ಅದೇ, ಮೇಲಿನ ಕುರ್ಚಿಗಳಿಗೆ ಅಧಿಕಾರಿಗಳನ್ನು ಕಳಿಸುವುದೂ ಅದೇ. ಕಂದಾಯ ಇಲಾಖೆಯಿಂದಲೋ ಲೋಕೋಪಯೋಗಿಯಿಂದಲೋ ನಿಯೋಜನೆಯ ಮೇಲೆ ಬಂದವರು ವಾರ್ಡಿನ ಗಲ್ಲಿಗಳ ಪರಿಚಯವಾಗುವ ಹೊತ್ತಿಗೆ ಬೇರೆ ಕಡೆಗೆ ವರ್ಗವಾಗಿರುತ್ತಾರೆ. ಅವರ ಸೇವಾ ವಹಿ ಇರುವುದು ಮಾತೃ ಇಲಾಖೆಯಲ್ಲಿ, ಮನಸ್ಸೂ ಅಲ್ಲೇ ಇದ್ದರೆ ತಪ್ಪು ಹೇಳುವಂತಿಲ್ಲ. ಉಳಿಯುವವರು ಕೆಳಗಿನವರು. ಅವರ ಪರವಾಗಿಯೋ ವಿರುದ್ಧವಾಗಿಯೋ ಮಾತಾಡಬೇಕಿದ್ದ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಐದು ಪಾಲಿಕೆ ಹುಟ್ಟುವ ಹೊತ್ತಿಗೆ ಚುನಾಯಿತ ಸಭೆಯಿಲ್ಲದೆ ಐದು ವರ್ಷ ಕಳೆದಿತ್ತು. ಪೌರಕಾರ್ಮಿಕರ ನೇಮಕಾತಿಯಂಥ ದೊಡ್ಡ ಕೆಲಸ ನಡೆದದ್ದೂ ಆಡಳಿತಾಧಿಕಾರಿಗಳ ಕಾಲದಲ್ಲೇ ಎನ್ನುವುದನ್ನೂ ಹೇಳಬೇಕು. ಇದರಿಂದ ಕಾರ್ಪೊರೇಟರುಗಳೇ ಬೇಡ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ, ನಾನು ಆ ಗುಂಪಿನವನಲ್ಲ. ಸಂಬಳ ನಿಂತ ದಿನ ಹೋಗಿ ಕೂರಲು ವಾರ್ಡಿನೊಳಗೆ ಒಂದು ಬಾಗಿಲು ಬೇಕು.

ಮುಂದೆ ಸಭೆ ರಚನೆಯಾಗಿ ನಮ್ಮ ವಾರ್ಡಿನ ಸದಸ್ಯರು ಮೊದಲ ಬಜೆಟ್ ಪುಸ್ತಕ ಕೈಗೆತ್ತಿಕೊಂಡಾಗ ಒಂದು ಕೋಷ್ಟಕ ಕೇಳಲಿ: ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು. ಗುಡಿಸುವವರು ಅದರಲ್ಲಿ ಈಗ ಸಿಗುತ್ತಾರೆ. ಮನೆಮನೆಯ ಕಸ ಎತ್ತುವ ಆಟೊ ಟಿಪ್ಪರಿನ ಚಾಲಕ, ಅದರ ಹಿಂದೆ ನಿಂತು ಬಕೆಟ್ ಖಾಲಿ ಮಾಡುವ ಸಹಾಯಕ ಸಿಗುವುದಿಲ್ಲ. ಗುಡಿಸಿದವಳು ರಾಶಿ ಮಾಡಿದ ಕಸವನ್ನು ಅದೇ ರಸ್ತೆಯಲ್ಲಿ, ಅದೇ ಬೆಳಿಗ್ಗೆ ತುಂಬಿಕೊಳ್ಳುವವರು ಇವರು. ಆದರೆ ಕಸ ಸಾಗಣೆ 2021ರಲ್ಲಿ ಸ್ಥಾಪನೆಯಾದ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ ಪಾಲು, ಅಲ್ಲಿಂದ ಗುತ್ತಿಗೆದಾರರ ಪಾಲು. 2018ಕ್ಕೆ ಮುಂಚೆ ಗುಡಿಸುವವರು ಎಲ್ಲಿದ್ದರೋ ಇವರು ಇಂದಿಗೂ ಹೆಚ್ಚುಕಡಿಮೆ ಅಲ್ಲೇ ಇದ್ದಾರೆ. ಇವರ ದುಡಿಮೆಯನ್ನು ಹುಡುಕಬೇಕಾದರೆ ಸಿಬ್ಬಂದಿ ವೆಚ್ಚದ ಪುಟ ಬಿಟ್ಟು ಗುತ್ತಿಗೆ ಬಿಲ್ಲಿನ ಪುಟಕ್ಕೆ ಹೋಗಬೇಕು. ಅಲ್ಲಿ ಗಾಡಿ, ಡೀಸೆಲ್, ರಿಪೇರಿಯ ಜೊತೆಗೆ ಇವರ ಕೂಲಿಯೂ ಸೇರಿ ಒಂದೇ ಮೊತ್ತವಾಗಿರುತ್ತದೆ.